ಸಿಹಿ ತಿನ್ನದಿದ್ದರೆ ಸೂಜಿ ಯಾಕೆ?

ಚಿಂಚೋಳಿಯ ನನ್ನ ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ಕೆಟ್ಟವಳಲ್ಲ ಅಂತ ಎಲ್ಲರೂ ಹೇಳುತ್ತಾರೆ. ಹೇಳಲಿ. ಇವತ್ತಿಗೂ ಆಕೆಯ ಮುಖ ಕಂಡರೆ ನನಗೆ ಮೈ ಉರಿಯುತ್ತದೆ.

ನನ್ನ ಮಗಳಿಗೆ ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ. ಇನ್ಸುಲಿನ್ ಸೂಜಿ ತಪ್ಪುವಂತಿಲ್ಲ. ಹೊಲಕ್ಕೆ ಹೋಗಿ ಬೆಳೆಗೆ ನೈವೇದ್ಯದ ಚರಗ ಚೆಲ್ಲುವ ಎಳ್ಳಮಾವಾಸ್ಯೆಗೆ ಅವಳನ್ನು ಒಂದು ದಿನ ಮೊದಲೇ ಸೇಡಂನಿಂದ ಅಣ್ಣನ ಮನೆಗೆ ಬಸ್ ಹತ್ತಿಸಿದ್ದೆ. ನಾನು ಅಲ್ಲಿ ತಲುಪಿದ್ದು ಹಬ್ಬದ ಸಂಜೆ. ಮಗಳು ಪಡಸಾಲೆಯಲ್ಲಿ ಮುದುಡಿ ಮಲಗಿದ್ದಳು. ವಾಂತಿ, ಏದುಸಿರು, ಉಸಿರಿಗೆ ಕೊಳೆತ ಹಣ್ಣಿನ ವಾಸನೆ.

“ಸೂಜಿ ಮಾಡ್ಕೊಂಡಿ ಇಲ್ಲೋ?” ಅಂದೆ. ಉತ್ತರ ಕೊಟ್ಟದ್ದು ಅತ್ತಿಗೆ.

“ಚರಗ ಚೆಲ್ಲಾಕ ಹೊಲಕ್ಕ, ಇಕಿನ್ನ ನೋಡಾಕಂತ ಹುಡುಗನ ಕಡೆಯವರ್ನೂ ಕರದಿದ್ವಿ. ಅವರ ಮುಂದ ಚುಚ್ಚಕೊಂಡ್ರ ಹೆಂಗ? ನಿನ್ನೇನೇ ಸೂಜಿ ಡಬ್ಬಿ ಅಲಮಾರಿಯಾಗಿಟ್ಟು ಕೀಲಿ ಹಾಕೀನಿ. ಹೋಳಿಗಿ ಮುಟ್ಟಿಲ್ಲವಾ ಆಕಿ, ಬರೇ ರೊಟ್ಟಿ ಬಜ್ಜಿ ತಿಂದಾಳ. ಸಿಹಿ ತಿನ್ನದಿದ್ರ ಸೂಜಿ ಯಾಕ?”

ಸಿಹಿ ತಿನ್ನದಿದ್ದರೆ! ಹೈಸ್ಕೂಲಿನಲ್ಲಿ ವರ್ಷಾ ವರ್ಷ ಇದೇ ಪಾಠ ಮಾಡಿ ಗಂಟಲು ಹರಿದುಕೊಂಡವಳು ನಾನು. ರೊಟ್ಟಿಯೂ ಹೊಟ್ಟೆಯಲ್ಲಿ ಸಕ್ಕರೆಯೇ ಆಗುತ್ತದೆ. ಏನೂ ತಿನ್ನದಿದ್ದರೂ ಯಕೃತ್ತಿನ ಜೀವಕೋಶಗಳು ತಾವು ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತವೆ. ಉಳಿದವರ ಮೇದೋಜ್ಜೀರಕದ ಕೋಶಗಳು ಇನ್ಸುಲಿನ್ ತಯಾರಿಸಿ, ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳಲ್ಲಿ ತುಂಬಿಟ್ಟುಕೊಂಡಿರುತ್ತವೆ. ರಕ್ತದಲ್ಲಿ ಸಕ್ಕರೆ ಏರಿತೋ, ಆ ಚೀಲಗಳು ಕೋಶದ ಅಂಚಿಗೆ ಬಂದು ಬಾಯಿ ಬಿಚ್ಚುತ್ತವೆ. ಆ ಇನ್ಸುಲಿನ್ ತಾಗಿದ ಮೇಲೆಯೇ ಸ್ನಾಯುವಿನ ಕೋಶ ತನ್ನೊಳಗಿನ ಸಾಗಣೆಯ ಪ್ರೋಟೀನುಗಳನ್ನು ಹೊರಪೊರೆಗೆ ಕಳಿಸಿ ಸಕ್ಕರೆಯನ್ನು ಚೆನ್ನಾಗಿ ಒಳಗೆಳೆದುಕೊಳ್ಳುವುದು. ನನ್ನ ಮಗಳಲ್ಲಿ ಇನ್ಸುಲಿನ್ ಮಾಡುವ ಕೋಶಗಳೇ ಸತ್ತಿವೆ. ಸೂಜಿ ತಪ್ಪಿದರೆ ರಕ್ತದ ತುಂಬ ಸಕ್ಕರೆ, ಕೋಶಗಳಿಗೆ ಉಪವಾಸ. ಹಸಿದ ಮೈ ಕೊಬ್ಬು ಸುಡುತ್ತದೆ, ರಕ್ತದಲ್ಲಿ ಆಮ್ಲ ತುಂಬುತ್ತದೆ, ಜೀವ ಹೋಗುತ್ತದೆ. ಇಷ್ಟನ್ನೂ ಅತ್ತಿಗೆಗೆ ಬಿಡಿಸಿ ಹೇಳಿದ್ದೆ. ‘ಹೂಂ’ ಅಂದಿದ್ದಳು.

ಹೂಂ ಅನ್ನುವುದಕ್ಕೆ ಏನು ಕಷ್ಟ? ಅವಳಿಗೆ ಜೀವಕ್ಕಿಂತ ಹುಡುಗನ ಕಡೆಯವರು ಏನಂದಾರು ಅನ್ನುವುದೇ ದೊಡ್ಡದು. ಹಬ್ಬದ ದಿನ ಬೈಬಾರದು ಅಂತ ಅಣ್ಣ ನನಗೇ ಬುದ್ಧಿ ಹೇಳಿದ. ನಾನು ಬೈದೆ. ಬೈಯುತ್ತಲೇ ಮಗಳನ್ನು ಗಾಡಿಗೆ ಹಾಕಿಕೊಂಡು ಕಲಬುರಗಿಯ ಆಸ್ಪತ್ರೆಗೆ ಓಡಿದೆ.

ಮರುದಿನ ಅವಳು ಕಣ್ಣು ತೆರೆದಳು. ಕೈಗೆ ಸಲೈನ್, ಒಣಗಿದ ತುಟಿ. ನಾನು ಬಗ್ಗಿದೆ.

“ಅವ್ವಾ, ಅವರು ಒಪ್ಪಿದ್ರೇನು?”

ಸತ್ತು ಬದುಕಿದ ಹುಡುಗಿ ಮೊದಲು ಕೇಳಿದ್ದು ಇದನ್ನು.

“ಒಪ್ಯಾರಂತ,” ಅಂದೆ. “ನಾ ಒಪ್ಪಂಗಿಲ್ಲ.”