ಅಕ್ಕನ ಜಗಲಿಗೆ ತಂದ ನಾರಿನ ಸರಳು

ಮನುಷ್ಯ ಕಟ್ಟಿದ್ದೆಲ್ಲ ಒಂದು ದಿನ ಬಿದ್ದೇ ಬೀಳುತ್ತದೆ. ಕಡಲತಡಿಯ ನಮ್ಮೂರು ತ್ರಾಸಿಯಲ್ಲಿ ಅದಕ್ಕೆ ಬಹಳ ಕಾಯಬೇಕಾಗಿಲ್ಲ. ಅಲ್ಲಿಯ ಉಪ್ಪುಗಾಳಿ ಚುರುಕಿನ ಕೆಲಸಗಾರ, ಭಾನುವಾರವೂ ರಜೆ ಹಾಕುವುದಿಲ್ಲ.

ಕಡಲಿಗೆ ಮುಖ ಮಾಡಿದ ಅಕ್ಕನ ಮನೆಯ ಜಗಲಿಯ ಮೇಲಿನ ಸ್ಲ್ಯಾಬಿನೊಳಗೆ ಕಬ್ಬಿಣ ತುಕ್ಕು ಹಿಡಿದು ಉಬ್ಬಿ, ಕಾಂಕ್ರೀಟನ್ನು ಚಕ್ಕೆ ಚಕ್ಕೆಯಾಗಿ ಕೆಳಗಿಳಿಸುತ್ತಿತ್ತು. ಮುಂಬಯಿಯ ಹೋಟೆಲು ಮಾರಿ ಊರಿಗೆ ಮರಳಿದ್ದ ಭಾವ ಅದರಡಿಯಲ್ಲೇ ಕುರ್ಚಿ ಹಾಕಿ ಪೇಪರು ಓದುತ್ತಿದ್ದರು. ತೇಪೆ ಹಾಕಿಸಿ ಹಾಕಿಸಿ ಸೋತು, "ಇನ್ನ್ ಈ ಮನಿಗೆ ಕಬ್ಣ ಬ್ಯಾಡ" ಎಂದು ಶಪಥ ಮಾಡಿದ್ದರು.

ನನಗೆ ಅನ್ನ ಕೊಟ್ಟದ್ದೇ ಕಬ್ಬಿಣಕ್ಕೆ ಬದಲಿಯಾಗಿ ಬಂದ ವಸ್ತು. ಕಲ್ಲು ಕರಗಿಸಿ ತೆಗೆದ ನಾರನ್ನು ಅಂಟಿನಲ್ಲಿ ಅದ್ದಿ ಸರಳು ಮಾಡುತ್ತಾರೆ, ಅದಕ್ಕೆ ತುಕ್ಕಿಲ್ಲ. ಅಣುಸ್ಥಾವರದ ಕಾಂಕ್ರೀಟಿನೊಳಗೆ ಅದು ವಿಕಿರಣವನ್ನು ತಡೆದುಕೊಳ್ಳುತ್ತದೋ ಇಲ್ಲವೋ ನೋಡುವುದು ನನ್ನ ಉದ್ಯೋಗ. ತುಂಡುಗಳನ್ನು ವಿಕಿರಣಕ್ಕೆ ಒಡ್ಡುವುದು, ಆಮೇಲೆ ಎಳೆದು ಮುರಿಯುವುದು. ಇಷ್ಟಕ್ಕೆ ಪಿಂಚಣಿಯೂ ಇದೆ.

ಭಾವನಿಗಾಗಿ ಕಾರ್ಖಾನೆಯಿಂದ ಹೊಸ ಸರಳು ಕೊಂಡು ಲಾರಿಯಲ್ಲಿ ತಂದೆ. ಅಕ್ಕ ಅಂಗಳದಲ್ಲೇ ತಡೆದಳು. ಒಳಗೆ ಸೊಸೆ ಬಸುರಿ.

"ತಮ್ಮ, ಇದ್ ಅಣುಸ್ಥಾವರದ್ದ್ ಅಲ್ದಾ?"

"ಅಲ್ಲಿಗೆ ಅಂದೇಳಿ ಮಾಡ್ದ್ ನಮೂನಿ ಅಕ್ಕ. ಇದ್ ಹೊಸತ್, ಅಲ್ಲಿಗ್ ಹೋಯ್ಲಿಲ್ಲ."

"ಮತ್ತೆ ನೀನ್ ದಿನಾ ಕಿರಣ ಬಿಡುದ್ ಯಾವ್ದಕ್ಕೆ?"

"ಅದ್ ಬೇರೆ ತುಂಡ್. ಅದ್ರಲ್ಲೂ ಕಿರಣ ಉಳಿತಿಲ್ಲೆ."

"ನೀನ್ ಕಂಡಿದ್ಯಾ?"

"ಕಿರಣ ಕಾಂಬುಕ್ ಆತ್ತಿಲ್ಲೆ."

"ಕಾಂಬುಕ್ ಆತ್ತಿಲ್ದಿರೆ, ಇಲ್ಲೆ ಅಂದ್ ಹ್ಯಾಂಗ್ ಹೇಳ್ತೆ?"

ಇಷ್ಟು ಚೊಕ್ಕ ಪ್ರಶ್ನೆಯನ್ನು ನನ್ನ ಸೇವಾವಧಿಯಲ್ಲಿ ಯಾವ ತಜ್ಞರ ಸಮಿತಿಯೂ ಕೇಳಿರಲಿಲ್ಲ. ಅಳೆಯುವ ಮೀಟರು ತರುತ್ತೇನೆ ಎಂದೆ. "ಮೀಟ್ರೂ ನಿಂದೇ ಅಲ್ದಾ?" ಎಂದಳು.

ಭಾವ ಕುರ್ಚಿಯಿಂದಲೇ ಕೂಗಿದರು: "ಹ್ವಾಯ್, ಅದ್ನ ತಲಿಯಡಿಗೆ ಇಟ್ಕಂಡ್ ನಾ ಮನಿಕಂತೆ, ಎಂತ ಆತ್ತ್ ಕಾಂಬ!"

"ನಿಮ್ಗಿನ್ನ್ ಮಕ್ಳಾಪುಕಿಲ್ಲೆ, ಸುಮ್ನೆ ಕೂಕಣಿ."

ಕಬ್ಬಿಣಕ್ಕೆ ಭಾವ ಒಪ್ಪಲಿಲ್ಲ, ನಾರಿಗೆ ಅಕ್ಕ ಒಪ್ಪಲಿಲ್ಲ. ಮಗು ಹುಟ್ಟುವ ತನಕ ಏನೂ ಬೇಡವೆಂದು, ಎರಡು ರಾಷ್ಟ್ರಗಳ ಗಾಂಭೀರ್ಯದಲ್ಲಿ ಒಪ್ಪಂದವಾಯಿತು. ಸರಳುಗಳನ್ನು ಹಿತ್ತಿಲ ತುದಿಗೆ ಸಾಗಿಸಿ ತಗಡು ಮುಚ್ಚಿದರು. ಕುರ್ಚಿಯನ್ನಾದರೂ ಒಳಗೆ ಹಾಕಿ ಎಂದು ಭಾವನಿಗೆ ಹೇಳಿದೆ.

"ಒಳ್ಗೆ ಗಾಳಿ ಬತ್ತಿಲ್ಲೆ ಮಾರಾಯ" ಎಂದು ಪುಟ ತಿರುಗಿಸಿದರು.

ಆಷಾಢದ ಒಂದು ಬೆಳಿಗ್ಗೆ ಸ್ಲ್ಯಾಬು ಬಿತ್ತು. ಭಾವ ಕೆಳಗಿದ್ದರು. ಕುಂದಾಪುರದ ಆಸ್ಪತ್ರೆ ತಲುಪುವ ಮೊದಲೇ ತೀರಿಕೊಂಡರು. ಮುಂದೆ ಹುಟ್ಟಿದ ಮಗು ಆರೋಗ್ಯವಾಗಿದೆ. ಹೊಸ ಸ್ಲ್ಯಾಬಿಗೆ ಕಬ್ಬಿಣ ಹಾಕಿಸಿದ್ದಾರೆ.