ಪಾಸ್ ಕೊಡುತ್ತಿದ್ದ ಜೊವಾಕಿಂ

ನಮ್ಮ ಅಪಾರ್ಟ್‌ಮೆಂಟಿನ ಹಿಂದೆ ನೀಲಗಿರಿ ಮರಗಳಿವೆ. ನಿನ್ನೆ ಮಳೆ ಬಿದ್ದಿತ್ತು. ಇವತ್ತು ಶನಿವಾರ ಬೆಳಿಗ್ಗೆ ಕಿಟಕಿ ತೆಗೆದ ಕೂಡಲೇ ಆ ವಾಸನೆ ಮೂಗಿಗೆ ಬಡಿಯಿತು. ನಿಮಗೆ ಅದರಿಂದ ನೆಗಡಿ ನೆನಪಾಗಬಹುದು. ನನಗೆ ಜೊವಾಕಿಂ ಅವರ ಮಂಡಿ ನೆನಪಾಗುತ್ತದೆ.

ಮಂಡಿಗೆ ನೀಲಗಿರಿ ಎಣ್ಣೆ ತಿಕ್ಕಿಕೊಂಡೇ ಮೈದಾನಕ್ಕಿಳಿಯುತ್ತಿದ್ದ ಜೊವಾಕಿಂ, ಯೂನಿಯನ್ ಸಿಟಿಯ ಪಾರ್ಕಿನಲ್ಲಿ ನನ್ನ ಮಗಳು ಅನಘಾಳ ಫುಟ್‌ಬಾಲ್ ಕೋಚು. ಅದನ್ನು ಇಲ್ಲಿಯ ಅಮೆರಿಕನ್ನರಂತೆ ಸಾಕರ್ ಎಂದರೆ ಈ ಮುದುಕರಿಗೆ ಸಿಟ್ಟು ಬರುತ್ತಿತ್ತು. ಪೋರ್ಚುಗಲ್‌ನಲ್ಲಿ ಮಿಡ್‌ಫೀಲ್ಡರ್ ಆಗಿದ್ದರಂತೆ. ಅಂದರೆ ಮೈದಾನದ ನಡುವೆ ಓಡಾಡುತ್ತ, ಗೋಲು ಹೊಡೆಯುವ ಭಾಗ್ಯವನ್ನು ಬೇರೆಯವರಿಗೆ ದಾಟಿಸುವವರು. ಕ್ರಿಕೆಟ್ ಬಿಟ್ಟು ಬೇರೇನೂ ಅರಿಯದ ನಾನು, ಗೋಲು ಹೊಡೆಯದವರದು ಎಂಥ ಆಟ ಎಂದುಕೊಂಡೆ.

ನನ್ನ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗು. ಬೇರೆಯವರ ತಪ್ಪು, ಅಂದರೆ ಬಗ್, ಹುಡುಕಿ ಅಚ್ಚುಕಟ್ಟಾಗಿ ಬರೆದಿಡುವುದು. ಸೀಸನ್ ನಡುವೆ ಪೋಷಕರು ಗೊಣಗತೊಡಗಿದಾಗ, ಕ್ಲಬ್ಬಿಗೆ ದೂರು ಬರೆಯುವ ಹೊಣೆ ನನ್ನ ಹೆಗಲೇರಿತು. ಒಂದೇ ಪಾಸಿಂಗ್ ಅಭ್ಯಾಸವನ್ನು ಮತ್ತೆ ಮತ್ತೆ ಮಾಡಿಸುತ್ತಾರೆ. ಮಕ್ಕಳ ಹೆಸರು ಅದಲುಬದಲು ಮಾಡುತ್ತಾರೆ. ಮ್ಯಾಚಿನ ದಿನ ಬೇರೆ ಮೈದಾನಕ್ಕೆ ಹೋಗಿ ನಿಂತಿದ್ದರು. ಎಲ್ಲವನ್ನೂ ತಾರೀಖು ಸಮೇತ ಬರೆದೆ. ಹುಬ್ಬಳ್ಳಿಯವಳಾದ ನನ್ನ ಹೆಂಡತಿ ಇಣುಕಿ ನೋಡಿ, "ಏನ್ರೀ, ಮನಷ್ಯಾರ ಮ್ಯಾಲೂ ಬಗ್ ಫೈಲ್ ಮಾಡತೀರೇನ?" ಎಂದಳು. ನಕ್ಕು, ದೂರು ಕಳಿಸಿಬಿಟ್ಟೆ. ಮುಂದಿನ ವಾರವೇ ಹೊಸ ಕೋಚ್ ಬಂದ.

ಕೆಲವು ತಿಂಗಳ ಮೇಲೆ ಸ್ಯಾನ್ ಹೋಸೆಯ ಒಂದು ಪೋರ್ಚುಗೀಸ್ ಬೇಕರಿಗೆ ಹೋಗಿದ್ದೆವು. ಗೋಡೆಯ ಫೋಟೋದಲ್ಲಿ ಗುಂಗುರು ಕೂದಲಿನ ಜೊವಾಕಿಂ, ಜನರ ಹೆಗಲ ಮೇಲೆ! ಬೇಕರಿಯ ಯಜಮಾನರು ಹೆಮ್ಮೆಯಿಂದ ಹೇಳಿದರು: "ಇವನ ಕಾಲಿಗೆ ಚೆಂಡು ಬಂದರೆ ಸಾಕು, ಇಡೀ ಸ್ಟೇಡಿಯಂ ಎದ್ದು ನಿಲ್ಲುತ್ತಿತ್ತು. ನನ್ನ ಮಗನಿಗೂ ಇವನದೇ ಹೆಸರು." ಆಮೇಲೆ ದನಿ ತಗ್ಗಿಸಿದರು. "ಈಗ ಮರೆವಿನ ಕಾಯಿಲೆ. ವರ್ಷಗಟ್ಟಲೆ ತಲೆಯಿಂದ ಚೆಂಡು ಹೊಡೆದದ್ದಕ್ಕೋ ಏನೋ. ಮಕ್ಕಳ ಜೊತೆ ಇದ್ದಷ್ಟು ದಿನ ಗೆಲುವಾಗಿದ್ದ. ಯಾರೋ ಪೋಷಕರು ದೂರು ಬರೆದು ಬಿಡಿಸಿದರು."

ತಟ್ಟೆಯಲ್ಲಿದ್ದ ಕೇಕು ಹಾಗೇ ಬಿಟ್ಟು ಎದ್ದೆ. ಕಾರಿನಲ್ಲಿ ಅನಘಾಳನ್ನು ಕೇಳಿದೆ. "ಕೋಚ್‌ಗೆ ಹುಷಾರಿಲ್ಲ ಅಂತ ನಿಮ್ಗೆ ಗೊತ್ತಿತ್ತಾ ಪುಟ್ಟಿ?"

"ನಮ್ಗೆಲ್ಲ ಗೊತ್ತಿತ್ತು, ಅಪ್ಪ. ನಮ್ಮ ಹೆಸ್ರು ಮರೆತ್ರೆ ವಿ ಜಸ್ಟ್ ಟೋಲ್ಡ್ ಹಿಮ್ ಎಗೇನ್."

ಒಂಬತ್ತು ವರ್ಷದ ಮಕ್ಕಳು ಅರ್ಥಮಾಡಿಕೊಂಡು ಸಂಭಾಳಿಸಿದ್ದನ್ನು ನಾನು ಪಟ್ಟಿ ಮಾಡಿ ದೂರು ಕೊಟ್ಟಿದ್ದೆ. ಆಗ ಆದ ನಾಚಿಕೆ ಇನ್ನೂ ಹೋಗಿಲ್ಲ. ಅವರ ಕಾಯಿಲೆಯನ್ನೂ ವಿವರಿಸಿ, ತಪ್ಪಾಯಿತೆಂದು ಕ್ಲಬ್ಬಿಗೆ ಮತ್ತೆ ಬರೆದೆ. ಕಾಯಿಲೆಯ ವಿಷಯ ತಿಳಿದ ಮೇಲಂತೂ ಅವರನ್ನು ವಾಪಸ್ ಕರೆಸಿಕೊಳ್ಳಲು ಸಾಧ್ಯವೇ ಇಲ್ಲ ಎಂದು ಉತ್ತರ ಬಂತು. ಅಲ್ಲಿಗೆ, ಉಳಿದಿದ್ದ ಒಂದು ದಾರಿಯನ್ನೂ ನಾನೇ ಮುಚ್ಚಿದಂತಾಯಿತು.

ಅನಘಾಳ ತಂಡ ಈಗ ಪಕ್ಕದ ಊರಾದ ಫ್ರೀಮಾಂಟಿನಲ್ಲಿ ಆಡುತ್ತದೆ. ಕೆಲಸ ಹೋದದ್ದು ಮಾತ್ರ ಜೊವಾಕಿಂ ಅವರಿಗೆ ನೆನಪಿಲ್ಲ. ಶನಿವಾರವಾದರೆ ಹಟ ಹಿಡಿಯುತ್ತಾರೆ; ಅವರ ಮಗಳು ವಿಧಿಯಿಲ್ಲದೆ ಅದೇ ಪಾರ್ಕಿಗೆ ಕರೆತರುತ್ತಾಳೆ. ನಾನೂ ಹೋಗುತ್ತೇನೆ. ಇವತ್ತು ಹೋದಾಗ ಬೆಂಚಿನ ಮೇಲೆ ಚೆಂಡು ತಬ್ಬಿಕೊಂಡು ಕೂತಿದ್ದರು. ಖಾಲಿ ಮೈದಾನ ನೋಡಿ, ಕೈಗಡಿಯಾರ ನೋಡಿ, ನನ್ನನ್ನು ಕೇಳಿದರು: "ಮಕ್ಕಳು ಯಾಕೆ ಇನ್ನೂ ಬಂದಿಲ್ಲ?"

ನಿಜ ಹೇಳಬೇಕೆಂದೇ ಬಾಯಿ ತೆರೆದೆ. "ಫ್ರೀವೇಯಲ್ಲಿ ಟ್ರಾಫಿಕ್ಕು, ಕೋಚ್," ಎಂದೆ.

"ಹಾಗಾದರೆ ಕಾಯೋಣ," ಎಂದು ಸರಿದು, ನನಗೂ ಜಾಗ ಮಾಡಿಕೊಟ್ಟರು.