ಸೆಕೆಂಡ್ ಗೇರಿನ ಏರು

ನಿವೃತ್ತ ಬಸ್ ಡ್ರೈವರನಿಗೆ ಆ ದಾರಿಯ ಊರುಗಳಿಗಿಂತ ಗೇರುಗಳೇ ಚೆನ್ನಾಗಿ ನೆನಪಿದ್ದವು. ಇದು ಟಾಪ್ ಗೇರಿನ ಬಯಲು, ಅದು ಸೆಕೆಂಡ್ ಗೇರಿನ ಏರು. ಕೆಲಸದಲ್ಲಿದ್ದಷ್ಟು ಕಾಲ ಬೆಟ್ಟದ ಕ್ಷೇತ್ರಕ್ಕೆ ಯಾತ್ರಿಕರನ್ನು ಕರೆದೊಯ್ದಿದ್ದ. ನಡೆದು ಹೊರಟಿದ್ದು ಇದೇ ಮೊದಲು. ಹರಕೆಯೂ ಅವನದಲ್ಲ, ಹೆಂಡತಿಯದು. ಮಗಳ ಹೆರಿಗೆ ಕಷ್ಟವಾಗಿ, ತಾಯಿ ಮಗು ಇಬ್ಬರೂ ಉಳಿಯುವುದು ಅನುಮಾನವೆಂದು ಡಾಕ್ಟರು ಹೇಳಿದ್ದ ದಿನ ಅವಳು ಮನಸ್ಸಿನಲ್ಲೇ ಹೊತ್ತಿದ್ದು. ಇಬ್ಬರೂ ಉಳಿದರು. ಅವಳನ್ನು ಒಬ್ಬಳೇ ಕಳಿಸಲು ಧೈರ್ಯ ಸಾಲದೆ ಇವನೂ ಜೊತೆಗೆ ಬಂದ.

ಬೆಳಿಗ್ಗೆಯಿಂದ ಅವಳೇ ಮುಂದೆ. ಹೊಲಿಗೆ ಯಂತ್ರ ತುಳಿದು ಗಟ್ಟಿಯಾದ ಕಾಲು. ಇವನ ಕಾಲಿಗೆ ಬ್ರೇಕು, ಕ್ಲಚ್ಚು ಬಿಟ್ಟರೆ ಬೇರೆ ಅಭ್ಯಾಸವಿಲ್ಲ. ಏರಿನ ಬುಡ ಸೇರುವಷ್ಟರಲ್ಲಿ ಹಿಮ್ಮಡಿಯ ಬೊಬ್ಬೆ ಒಡೆದು ಚಪ್ಪಲಿ ಒದ್ದೆಯಾಯಿತು.

ಆಗ ಹಿಂದಿನಿಂದ ಬಂದ ಬಸ್ಸು ಪಕ್ಕದಲ್ಲೇ ನಿಂತಿತು. ಸ್ಟಿಯರಿಂಗ್ ಹಿಂದೆ ಇದ್ದವನು ಇವನ ಕೈಕೆಳಗೆ ಪಳಗಿದವನೇ.

"ಅಣ್ಣಾ, ಇದೇನಿದು ಅವತಾರ? ಹತ್ತಿ ಹತ್ತಿ. ಅತ್ತಿಗೇ, ನೀವೂ ಬನ್ನಿ."

"ನಾನು ಬರಲ್ಲಪ್ಪ, ಹರಕೆ ನಂದು," ಎಂದು ಅವಳು ಗಂಡನತ್ತ ತಿರುಗಿದಳು. "ರೀ, ನೀವು ಹೋಗಿ. ಹೀಗೆ ಕುಂಟ್ಕೊಂಡು ಬಂದ್ರೆ ನಾಳೆ ನಿಮ್ಮನ್ನ ನಾನೇ ಹೊರಬೇಕಾಗುತ್ತೆ."

ಅವನು ಹೆಚ್ಚು ಬಲವಂತ ಮಾಡಿಸಿಕೊಳ್ಳಲಿಲ್ಲ.

ಏರಿನಾಚೆಯ ಛತ್ರದಲ್ಲಿ ಇಳಿದು, ಬಕೆಟ್ ನೀರಿನಲ್ಲಿ ಕಾಲಿಟ್ಟು, ಗಾಯಕ್ಕೆ ಬಟ್ಟೆ ಸುತ್ತಿಕೊಂಡ. ಹಿತವೆನಿಸಿತು. ಆದರೆ ಬಿಸಿಲು ಇಳಿಯತೊಡಗಿತು; ಯಾತ್ರಿಕರು ಗುಂಪು ಗುಂಪಾಗಿ ಬಂದರೂ ಅವಳು ಕಾಣಲಿಲ್ಲ. ಏರಿನ ಕೊನೆಯ ತಿರುವು ಅವನಿಗೆ ಗೊತ್ತು. ಎದುರು ಬರುವ ಗಾಡಿ ಹತ್ತಿರ ಬರುವ ತನಕ ಕಾಣುವುದಿಲ್ಲ. ಕೂತಲ್ಲಿ ಕೂರಲಾಗದೆ ಬಂದ ದಾರಿಯಲ್ಲೇ ಕುಂಟುತ್ತಾ ಇಳಿದ.

ತಿರುವಿನ ಕೆಳಗೆ ಮೈಲಿಗಲ್ಲಿನ ಮೇಲೆ ಅವಳು ಕೂತಿದ್ದಳು. ಅತ್ತು ಅತ್ತು ಮುಖ ಊದಿತ್ತು.

"ಏನಾಯ್ತೇ? ಬಿದ್ಯಾ?"

"ಏನೂ ಇಲ್ಲ ರೀ." ಸೆರಗಿನಿಂದ ಮೂಗೊರೆಸಿಕೊಂಡಳು. "ಮಗಳು ಆಸ್ಪತ್ರೇಲಿದ್ದಾಗ ಅಳೋಕೆ ಪುರಸೊತ್ತೇ ಆಗ್ಲಿಲ್ಲ. ಫ್ಲಾಸ್ಕು, ಬಟ್ಟೆ, ಔಷಧಿ ಅಂತ ಓಡಾಟವೇ ಆಯ್ತು. ನೀವು ಬಸ್ ಹತ್ತಿದ ಮೇಲೆ ಒಬ್ಬಳೇ ನಡೀತಿದ್ನಲ್ಲ, ಅದ್ಯಾಕೋ ಕಿತ್ಕೊಂಡು ಬಂತು."

ಅವನು ಅವಳ ಪಕ್ಕದಲ್ಲೇ ನೆಲಕ್ಕೆ ಕೂತ. ಆ ದಿನ ತಾನು ಡ್ಯೂಟಿ ಬಿಟ್ಟು ಬಂದು ಆಸ್ಪತ್ರೆಯ ಕಾರಿಡಾರಿನಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದನ್ನು ಅವಳಿಗೂ ಹೇಳಿರಲಿಲ್ಲ. ಈಗ ಹೇಳಿದ. ಅವಳು ಅವನ ಮುಖವನ್ನೇ ನೋಡುತ್ತಾ ಕೇಳಿಸಿಕೊಂಡಳು.

"ಅದಿರಲಿ, ಈ ಕಾಲಲ್ಲಿ ಇಷ್ಟು ದೂರ ವಾಪಸ್ ಬಂದ್ರಾ? ತಲೆ ಸರಿ ಇದ್ಯಾ ನಿಮಗೆ?"

"ಈ ತಿರುವಲ್ಲಿ ಲಾರಿಯವರು ಹಾರ್ನ್ ಹೊಡೆಯಲ್ಲ ಕಣೇ."

ಅವಳಿಗೆ ಅಳುವಿನ ನಡುವೆಯೇ ನಗು ಬಂತು. ಅವನು ಅವಳ ಚೀಲವನ್ನು ಹೆಗಲಿಗೇರಿಸಿ, ಅವಳನ್ನು ಬೆಟ್ಟದ ಕಡೆಗೆ ಸರಿಸಿ, ತಾನು ರಸ್ತೆಯ ಕಡೆಗೆ ನಡೆದ. ಈ ಸಲ ಅವಳೇ ಹೆಜ್ಜೆ ನಿಧಾನ ಮಾಡಿದಳು.

ಛತ್ರ ತಲುಪಿದಾಗ ಊಟದ ಸಾಲು ಮುಗಿಯುವುದರಲ್ಲಿತ್ತು. ಬಡಿಸುವವರು ಕೂತವರನ್ನು ಜರುಗಿಸಿ ಇಬ್ಬರಿಗೂ ಜಾಗ ಮಾಡಿಕೊಟ್ಟರು. ಅವಳು ಎರಡು ಸಲ ಬಡಿಸಿಕೊಂಡು ಉಂಡು, ಕೈ ತೊಳೆದವಳೇ ಮಗಳಿಗೆ ಫೋನು ಹಚ್ಚಿ, ಮಗುವಿನ ಕೆಮ್ಮು ಹೇಗಿದೆ ಎಂದು ಕೇಳಿದಳು.